ಇಳಿಸಿಕೊಂಡ ಸಂಬಳ

ಅಪ್ಪ ಮೂವತ್ತು ವರ್ಷ ಒಂದೇ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಹಾಕಿದವನು. ಅವನ ಬೆರಳ ತುದಿಗಳು ಎಷ್ಟು ದಡ್ಡುಗಟ್ಟಿದ್ದವೆಂದರೆ, ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಮುಟ್ಟಿಯೇ ನೋಡುತ್ತಿದ್ದ.

ನಾನು ಕಾಲೇಜು ಸೇರಿದ ವರ್ಷ ಲಾಂಡ್ರಿಯ ಧಣಿ ತನ್ನ ತಾಯಿಯ ಹೆಸರಿನಲ್ಲಿ ಬಡ ಕೆಲಸಗಾರರ ಮಕ್ಕಳಿಗೆ ವಿದ್ಯಾರ್ಥಿವೇತನ ಶುರುಮಾಡಿದ. ವರ್ಷಕ್ಕೆ ಆರು ಸಾವಿರ. ನನ್ನ ಫೀಸಿಗೆ ಸರಿಯಾಗಿ ಸಾಲುತ್ತಿತ್ತು. ಆದರೆ ಅಪ್ಪನ ತಿಂಗಳ ಸಂಬಳ ಅರ್ಜಿಯಲ್ಲಿದ್ದ ಮಿತಿಗಿಂತ ಐನೂರು ಹೆಚ್ಚಿತ್ತು. ಅಷ್ಟರಮಟ್ಟಿಗೆ ನಾವು ಶ್ರೀಮಂತರು.

ಅಪ್ಪ ಧಣಿಯ ಮುಂದೆ ಕೈಕಟ್ಟಿ ನಿಂತ. "ಮಗಳ ಓದು ಮುಗಿಯೋವರೆಗೆ ಐನೂರು ಕಡಿಮೆ ಕೊಡಿ ಸಾರ್."

ಸಂಬಳ ಏರಿಸಿ ಎಂದರೆ ಕಿವಿಗೇ ಹಾಕಿಕೊಳ್ಳದ ಧಣಿ ಅವತ್ತು ಒಂದೇ ಮಾತಿಗೆ ಒಪ್ಪಿದ.

ಮೂರು ವರ್ಷವೂ ವೇದಿಕೆಯ ಮೇಲೆ ನನಗೆ ಚೆಕ್ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡ. ಅವನ ಕೋಟನ್ನು ಇಸ್ತ್ರಿ ಮಾಡಿಕೊಟ್ಟಿದ್ದು ಅಪ್ಪನೇ. ತಿಂಗಳಿಗೆ ಐನೂರು ಎಂದರೆ ವರ್ಷಕ್ಕೆ ಆರು ಸಾವಿರ ಎಂಬುದು, ಲೆಕ್ಕಶಾಸ್ತ್ರ ಓದುತ್ತಿದ್ದ ನನಗೆ ಹೊಳೆದದ್ದು ಕೊನೆಯ ಫೋಟೊ ನಮ್ಮ ಮನೆಯ ಗೋಡೆಗೇರಿದ ಮೇಲೆ.

ನನಗೆ ಕೆಲಸ ಸಿಕ್ಕಿದಾಗ ಅಪ್ಪ ಹಳೇ ಸಂಬಳ ಕೇಳಲು ಹೋದ.

"ಮಗಳು ದುಡೀತಾಳಲ್ಲಯ್ಯ, ಇನ್ನು ನಿನಗ್ಯಾಕೆ ಅಷ್ಟೊಂದು?" ಎಂದು ಧಣಿ ಬೆನ್ನು ತಟ್ಟಿ ಕಳಿಸಿದ.

ಲೆಕ್ಕ ಬಿಡಿಸಿ ಹೇಳಿದರೆ ಅಪ್ಪ ನನ್ನ ಮೇಲೇ ಹರಿಹಾಯುತ್ತಾನೆ. ಮನೆಗೆ ಬಂದವರು "ಮಗಳನ್ನ ಚೆನ್ನಾಗಿ ಓದಿಸಿದ್ರಿ" ಎಂದರೆ, "ನಾನೆಲ್ಲಿ ಓದಿಸ್ದೆ" ಎಂದು ಗೋಡೆಯ ಮೇಲಿನ ಧಣಿಯ ಕಡೆಗೆ ಕೈ ತೋರಿಸುತ್ತಾನೆ.