ಸ್ಕ್ರೀನ್ ಬರುವ ಬಸ್ಸು

ನನ್ನ ಗಂಡ ನನ್ನೊಡನೆ ಕನ್ನಡದಲ್ಲಿ ಮಾತಾಡಲು ಶುರು ಮಾಡಿದ್ದು ಅವರ ಸ್ವರ ಹೋದ ಮೇಲೆ. ಗಂಟಲಿನ ಗಡ್ಡೆಯ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಬಲಗೈಯೂ ಮೊದಲಿನ ಹಾಗೆ ಉಳಿಯಲಿಲ್ಲ. ಪೆನ್ನು ಹಿಡಿದರೆ ನಡುಗುತ್ತದೆ, ಬರೆದದ್ದು ಅವರಿಗೇ ಓದಲಿಕ್ಕಾಗುವುದಿಲ್ಲ. ಮೊಬೈಲಿನ ಪುಟ್ಟ ಅಕ್ಷರಗಳು ಅವರ ದಪ್ಪ ಬೆರಳಿಗೆ ಸಿಗುವುದಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಜಗಲಿಯ ಮೇಜಿಗೆ ತಂದಿಟ್ಟು, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಎಡಗೈಯ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮಾತಾಡುತ್ತಿದ್ದರು.

ಮದುವೆಯಾದ ದಿನದಿಂದ ನಾವು ಮಾತಾಡಿದ್ದು ತುಳು. ಜಗಳವಾಡಿದ್ದೂ ತುಳುವಿನಲ್ಲೇ. ಆದರೆ ತುಳುವನ್ನು ಬರೆಯುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಅದು ಬಾಯಿಗೆ, ಕನ್ನಡ ಕಾಗದಕ್ಕೆ. ಅದರ ಮೇಲೆ ಇವರು ಸರಕಾರಿ ಕಚೇರಿಯಲ್ಲಿ ಕಾಗದ ಬರೆದೇ ನಿವೃತ್ತರಾದವರು. ಬೆರಳು ಕೀಲಿಯ ಮೇಲೆ ಇಟ್ಟ ಕೂಡಲೇ ಕಚೇರಿಯ ಕನ್ನಡವೇ ಬರುತ್ತಿತ್ತು. ‘ಸಾರಿಗೆ ಉಪ್ಪು ಕಡಿಮೆ ಇರುವುದು ಕಂಡುಬಂದಿರುತ್ತದೆ.’ ‘ಸದರಿ ಮಾತ್ರೆಯನ್ನು ಈಗಾಗಲೇ ಸೇವಿಸಲಾಗಿದೆ.’

“ನಾನೇನು ನಿಮ್ಮ ತಹಶೀಲ್ದಾರಾ?” ಎಂದು ರೇಗುತ್ತಿದ್ದೆ. ಅವರ ಭುಜ ಕುಲುಕುತ್ತಿತ್ತು. ಈಗ ಅವರ ನಗುವೆಂದರೆ ಅಷ್ಟೇ. ಒಂದು ಕಾಲದಲ್ಲಿ ಅವರ ಬಾಯಿ ಜೋರೆಂದು ನಾನೇ ಊರೆಲ್ಲ ದೂರಿಕೊಂಡು ತಿರುಗಿದವಳು. ಈಗ ಅದೇ ಬಾಯಿಯನ್ನು ನೆನೆದು ಒಲೆಯ ಮುಂದೆ ಒಬ್ಬಳೇ ಅಳುತ್ತಿದ್ದೆ.

ಈ ಸಲದ ಪರೀಕ್ಷೆಯಲ್ಲಿ ಗಡ್ಡೆ ತಿರುಗಿ ಬಂದಿದೆ ಎಂದರು. ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ಗ್ಯಾರಂಟಿ ಹೇಳಲಾರೆವು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದರು ಡಾಕ್ಟರು. ಮನೆಯಲ್ಲಿ ಮಾತಾಡುವುದೆಂದರೆ ಏನು? ಭಾವ, ಅಂದರೆ ಇವರ ಅಣ್ಣ, ಕಕ್ಕಿಂಜೆಯಿಂದ ಬಂದು ಜಗಲಿಯಲ್ಲಿ ಕೂತು ಮಾತಾಡುವುದು. ಆ ಮನೆತನದಲ್ಲಿ ಹಿರಿಯರು ಹೇಳಿದ್ದೇ ಎಲ್ಲರ ಮಾತು. ಭಾವ ಒಳ್ಳೆಯವರು, ತಮ್ಮನೆಂದರೆ ಜೀವ. ಆದರೆ ತಮ್ಮ ಒಂದು ಸಾಲು ಕುಟ್ಟಿ ಮುಗಿಸುವುದರೊಳಗೆ ಅವರ ಮಾತು ಆಸ್ಪತ್ರೆಯ ರೂಮಿನಿಂದ ಹಿಡಿದು ಬಾಡಿಗೆ ಕಾರಿನವರೆಗೆ ಹೋಗಿರುತ್ತಿತ್ತು. ಅಂದೂ ಹಾಗೆಯೇ ಆಯಿತು. ಇವರು ಕುಟ್ಟುತ್ತಲೇ ಇದ್ದರು, ಭಾವ ಕೊಡೆ ತೆಗೆದುಕೊಂಡು ಎದ್ದರು.

“ಸರಿ ಹಾಗಾದ್ರೆ. ಸೋಮವಾರ ಎಡ್ಮಿಟ್ ಮಾಡುವ. ನಾನು ಬೆಳಿಗ್ಗೆ ಕಾರು ತರ್ತೇನೆ.”

ಅವರು ಮೆಟ್ಟಿಲು ಇಳಿದದ್ದೇ ತಡ, ಇವರು ಲ್ಯಾಪ್‌ಟಾಪನ್ನು ಢಬ್ಬೆಂದು ಮುಚ್ಚಿದರು. ಕಳಚಿಟ್ಟ ಕನ್ನಡಕ ಕೀಲಿಗಳ ಮೇಲೆಯೇ ಇತ್ತು. ಚಟ್ಟೆಂದ ಶಬ್ದ ನನಗೆ ಒಳಗೆ ಕೇಳಿಸಿತು. ತೆರೆದು ನೋಡಿದರೆ ಕನ್ನಡಕ ಉಳಿದಿತ್ತು, ಸ್ಕ್ರೀನು ಶಾಯಿ ಚೆಲ್ಲಿದಂತೆ ಕಪ್ಪು, ಅಂಚಿನಲ್ಲಿ ನಾಲ್ಕು ಬಣ್ಣದ ಗೆರೆ.

“ಎಂಥ ಬರೆದದ್ದು ನೀವು?” ಎಂದು ಕೇಳಿದೆ. ಕೈ ಎತ್ತಿದರು, ಹಾಗೆಯೇ ಬಿಟ್ಟರು. “ಆಪರೇಷನ್ ಬೇಡ ಅಂತಲಾ?” ಹೌದೆಂಬಂತೆ ತಲೆಯಾಡಿಸಿದರು. ಫೋನಿನಲ್ಲಿ ಭಾವನಿಗೆ ಹೇಳಿದರೆ, “ಅದು ಹೆದರಿಕೆ. ಯಾರಿಗಾದ್ರೂ ಆಗ್ತದೆ. ನೀನು ಧೈರ್ಯ ಹೇಳು” ಎಂದರು. ನನಗೂ ಅದೇ ಬೇಕಿತ್ತು. ಬರೀ ತಲೆಯಾಡಿಸಿದ್ದನ್ನು ಹೆದರಿಕೆ ಎನ್ನಬಹುದು, ಸುಸ್ತು ಎನ್ನಬಹುದು, ನಮಗೆ ಬೇಕಾದ್ದು ಏನು ಬೇಕಾದರೂ ಎನ್ನಬಹುದು.

ಮರುದಿನ ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಬೆಳ್ತಂಗಡಿಯ ಅಂಗಡಿಗೆ ಹೋದೆ. ಅಂಗಡಿಯವರು ಬ್ಯಾರಿ ಮುಸ್ಲಿಮರು, ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವರು. ತಿರುಗಿಸಿ ನೋಡಿ, “ಅಕ್ಕ, ಇದು ತುಂಬ ಹಳತು. ಸ್ಕ್ರೀನ್ ಹಾಕಿದ್ರೂ ಎಷ್ಟು ಸಮಯ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ” ಎಂದರು. ಎಲ್ಲರೂ ಒಂದೇ ಮಾತು ಹೇಳಲು ಕಲಿತಿದ್ದಾರೆ ಅನಿಸಿತು. ಹಾಕಿ ಎಂದೆ. ಸ್ಟಾಕಿನಲ್ಲಿ ಇಲ್ಲ, ಮಂಗಳೂರಿನಿಂದ ಬಸ್ಸಿನಲ್ಲಿ ಹಾಕಿಸಬೇಕು ಎಂದರು. ನಮ್ಮ ಕಡೆ ಔಷಧಿ, ಹೂವು, ಯಂತ್ರದ ಭಾಗ ಎಲ್ಲವೂ ಬರುವುದು ಹೀಗೆಯೇ. ಅಲ್ಲಿ ಕಂಡಕ್ಟರನ ಕೈಗೆ ಕೊಡುತ್ತಾರೆ, ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುತ್ತಾರೆ. ಶುಕ್ರವಾರ ಬಂದದ್ದು ಬೇರೆ ಸ್ಕ್ರೀನು, ಹಿಂಬದಿಯ ಪಿನ್ನು ಕೂಡಲಿಲ್ಲ. ತಿರುಗಿ ಕಳಿಸಿದರು. ಮನೆಯಲ್ಲಿ ಇವರು ಖಾಲಿ ಮೇಜಿನ ಎದುರು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದರು.

ಶನಿವಾರ ನಾನು ಹೊರಟಾಗ ಇವರೂ ಶರ್ಟು ಹಾಕಿಕೊಂಡು, ಕುತ್ತಿಗೆಯಲ್ಲಿ ಉಸಿರಿಗಾಗಿ ಮಾಡಿದ ತೂತು ಮುಚ್ಚುವ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಬೇಡವೆಂದರೂ ಕೇಳಲಿಲ್ಲ.

ಬಸ್ಸು ಬಂದಿರಲಿಲ್ಲ. “ಅಷ್ಟರೊಳಗೆ ಮೆಷಿನ್ ಸರಿ ಉಂಟಾ ನೋಡುವ” ಎಂದು ಅಂಗಡಿಯವರು ಒಂದು ವೈರು ಸಿಕ್ಕಿಸಿ, ಲ್ಯಾಪ್‌ಟಾಪನ್ನು ಅಂಗಡಿಯ ದೊಡ್ಡ ಮಾನಿಟರಿಗೆ ಜೋಡಿಸಿದರು. ಭಾವ ಬಂದ ದಿನ ಬರೆದದ್ದು ಏನೂ ಉಳಿದಿರಲಿಲ್ಲ. ಬಿಳಿ ಹಾಳೆ ತೆರೆದುಕೊಂಡಿತು. ಇವರು ಯಾರನ್ನೂ ಕೇಳದೆ ಸ್ಟೂಲು ಎಳೆದುಕೊಂಡು ಕೂತರು. ಬೆರಳು ಇಳಿಯಿತು. ಅಂಗಡಿಗೆ ಬಂದವರು ನೋಡುತ್ತಿದ್ದರು. ನಾನು ಅಡ್ಡ ನಿಂತೆ, ಆದರೆ ಅಷ್ಟು ದೊಡ್ಡ ಮಾನಿಟರನ್ನು ಸೆರಗಿನಲ್ಲಿ ಮುಚ್ಚಲಿಕ್ಕಾಗುತ್ತದೆಯೇ?

‘ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದಂತೆ’ ಎಂದು ಬರೆದರು. ನಿಲ್ಲಿಸಿದರು. ಒಂದೊಂದೇ ಅಕ್ಷರವಾಗಿ ಅಷ್ಟನ್ನೂ ಅಳಿಸಿದರು. ಮತ್ತೆ ಕುಟ್ಟಿದರು.

‘ಯಾವು. ಇಲ್ಲಡೆ ಪೋಯಿ.’

ಅಂದರೆ, ಸಾಕು, ಮನೆಗೆ ಹೋಗುವ. ತುಳು ಅಕ್ಷರದಲ್ಲಿ ಹೇಗಿರುತ್ತದೆಂದು ಅವರ ಕೈಯಿಂದ ನಾನು ಮೊದಲು ನೋಡಿದ್ದು ಅದೇ. ಓದಿದ್ದಲ್ಲ, ಕೇಳಿಸಿದ್ದು. ಅವರದೇ ಆ ಒರಟು ಸ್ವರ, ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ನಾನು ಹರಟುತ್ತ ನಿಂತರೆ ಕರೆಯುತ್ತಿದ್ದ ಹಾಗೆ.

ನನಗೆ ಸಿಟ್ಟು ಬಂತು. ಸಾಕು ಎನ್ನಲು ಇವರೊಬ್ಬರೇ ಯಾರು, ನನಗೆ ಸಾಕಾಗಿದೆಯೇ ಎಂದು ಕೇಳಿದರೇ? ಮೋರೆ ನೋಡಿದೆ. ಇವರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ರಸ್ತೆಯ ಕಡೆ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಮೋರೆ ಬಿಗಿದುಕೊಂಡಿರಲಿಲ್ಲ. ಬಯ್ಯುವುದು ಬಿಟ್ಟು ಮಾನಿಟರಿನ ಎದುರಿನಿಂದ ಪಕ್ಕಕ್ಕೆ ಸರಿದೆ.

ಬಸ್ಸು ಬಂತು. ಅಂಗಡಿಯವರು ಹೋಗಿ ರಟ್ಟಿನ ಪೆಟ್ಟಿಗೆ ಇಳಿಸಿಕೊಂಡು ಬಂದರು. ಅವರಿಗೂ ತುಳು ಗೊತ್ತು, ಮಾನಿಟರಿನಲ್ಲಿದ್ದದ್ದನ್ನು ಓದಿದ್ದರು. ಪೆಟ್ಟಿಗೆಯನ್ನು ಬಿಚ್ಚದೆ ಮೇಜಿನ ಮೇಲಿಟ್ಟರು.

“ಅಕ್ಕ, ಹಾಕುದಾ? ಬೇಡದಿದ್ರೆ ತಿರುಗಿ ಕಳಿಸ್ತೇನೆ, ತೊಂದರೆ ಇಲ್ಲ.”

“ಹಾಕಿ. ಅವರಿಗೆ ಇನ್ನೂ ಮಾತಾಡ್ಲಿಕ್ಕುಂಟು” ಎಂದೆ.

ಅಂಗಡಿಯ ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. ಸೋಮವಾರ ಕಾರು ತರುವುದು ಬೇಡ ಎಂದೆ.

“ಯಾರು ಹೇಳಿದ್ದು?”

“ಅವರೇ.”

“ತಲೆ ಆಡಿಸಿದ್ದಾ? ಅದು ಹೆದರಿಕೆ ಅಂತ ನಾನು ಮೊನ್ನೆಯೇ ಹೇಳಿದೆನಲ್ಲ.”

“ತಲೆ ಆಡಿಸಿದ್ದಲ್ಲ, ಭಾವ. ತುಳುವಿನಲ್ಲಿ ಹೇಳಿದ್ರು.”