ಅಟ್ಟ ಹತ್ತಿದ ಉಪ್ಪುನೀರಿನ ಜಾಡಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಿವಿಯಿಟ್ಟು ಕೇಳಬೇಕಾದ ವಸ್ತುಗಳು ಎರಡಿದ್ದವು. ಒಂದು ಅಟ್ಟದ ಮೇಲಿನ ತೆಂಗಿನಕಾಯಿ, ಇನ್ನೊಂದು ಅಕ್ಕನ ಉಪ್ಪುನೀರಿನ ಜಾಡಿ. ಮಕ್ಕಳೇ, ಇವತ್ತು ಆ ಜಾಡಿಯ ಕತೆ ಹೇಳುತ್ತೇನೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಪುಸ್ತಕದ ಮಾತು ನನಗೆ ಬರುವುದಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಹೊನ್ನವಳ್ಳಿ ಕಡೆ ನಮ್ಮ ತೋಟ. ಇಳಿಸಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿಬಿಟ್ಟರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಮುಟ್ಟುತ್ತಿರಲಿಲ್ಲ. ಕೆಳಗೆ ಒಲೆ, ಮೇಲೆ ಕಾಯಿ. ಹೊಗೆ ಮತ್ತು ಬೆಚ್ಚನೆಯ ಗಾಳಿಗೆ ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗುತ್ತಿತ್ತು. ಅಪ್ಪ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಲೊಟಲೊಟ ಅಂದರೆ ಆಯಿತು, ಕೊಬ್ಬರಿ ಸಿದ್ಧ. ದಿನಾ ಇದನ್ನೇ ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಯಾವುದು ಹದಕ್ಕೆ ಬರಬೇಕೋ ಅದು ಅಟ್ಟ ಹತ್ತಬೇಕು.

ಆ ವರ್ಷ ಅವ್ವ ಹೆರಿಗೆಗೆ ತವರಿಗೆ ಹೋಗಿದ್ದಳು. ಅಕ್ಕನಿಗೆ ಹದಿನಾರು ವರ್ಷ, ಅಡುಗೆಮನೆ ಅವಳ ಪಾಲಿಗೆ ಬಂತು. ಅಪ್ಪನಿಗೆ ಹೊಟ್ಟೆಯ ಕಾಟ ಬೇರೆ. ಕಾಯಿ ಇಳಿಸುವ ದಿನಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಉಂಡದ್ದು ಕರಗದೆ ಹೊಟ್ಟೆ ತಮಟೆಯಂತೆ ಬಿಗಿದುಕೊಳ್ಳುತ್ತಿತ್ತು. ಎರಡು ಮುದ್ದೆ ಉಣ್ಣುವ ಗಂಡಸು ಅರ್ಧ ಮುದ್ದೆಗೇ ತಟ್ಟೆ ಸರಿಸುತ್ತಿದ್ದ. ಅವ್ವ ಹೊರಡುವಾಗ ಗಾಡಿಯಲ್ಲಿ ಕೂತೇ ಅಕ್ಕನಿಗೆ ಹೇಳಿದ್ದಳು, "ಉಪ್ಪುನೀರಾಗೆ ಹಾಕಿದ ಹುಳಿ ತರಕಾರಿ ತಪ್ಪಿಸ್ಬ್ಯಾಡ ಕಣವ್ವ. ಅದು ಜೊತೆಗಿದ್ರೇನೇ ನಿಮ್ಮಪ್ಪನ ಹೊಟ್ಟೆ ಮಾತು ಕೇಳಾದು."

ಅಕ್ಕ ತಾನೇ ಮೊದಲ ಸಲ ಜಾಡಿ ಹೂಡಿದಳು. ಎಳೆ ಮೂಲಂಗಿ, ಗೋರಿಕಾಯಿ, ಸೌತೆಕಾಯಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ತುಂಡು ಶುಂಠಿ. ಎಲ್ಲವನ್ನೂ ತೊಳೆದು, ಬಿಳಿ ಪಂಚೆಯ ಮೇಲೆ ಹರವಿ, ಹನಿ ನೀರಿಲ್ಲದಂತೆ ಆರಿಸಿದಳು. ಕಲ್ಲುಪ್ಪು ಹಾಕಿ ಕುದಿಸಿ ಆರಿಸಿದ ನೀರನ್ನು ಮುಳುಗುವಷ್ಟು ಹುಯ್ದಳು. ಹೋಳುಗಳು ಮೇಲೆ ತೇಲಬಾರದೆಂದು ನುಣ್ಣಗೆ ಹೆರೆದ ತೆಂಗಿನ ಚಿಪ್ಪೊಂದನ್ನು ಕವುಚಿ, ಅದರ ಮೇಲೆ ಬಿಸಿನೀರಲ್ಲಿ ಕುದಿಸಿದ ಗುಂಡುಕಲ್ಲು ಇಟ್ಟಳು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಕುಡಿಯುವ ನೀರಿನ ಮಡಕೆಯ ಪಕ್ಕದ ತಂಪು ಮೂಲೆಯಲ್ಲಿ ಕೂರಿಸಿದಳು. ಮಾರನೆಯ ದಿನ ಕಿವಿಯಿಟ್ಟರೆ ಒಳಗೆ ಗುಳುಗುಳು ಎಂದು ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು.

ಅಷ್ಟರಲ್ಲಿ ತಿಪಟೂರಿನಿಂದ ಅತ್ತೆ ಬಂದಳು, ಅಪ್ಪನ ತಂಗಿ. ಬಸ್ಸಿಳಿದು ಕೈಚೀಲ ಇಡುವ ಮೊದಲೇ ಅಪ್ಪನ ಹೊಟ್ಟೆಗೆಂದು ಅಂಗಡಿಯಿಂದ ತಂದ ಪುಡಿಯ ಪೊಟ್ಟಣಗಳನ್ನು ತೆಗೆದಳು. ಜಾಡಿಯ ಬಟ್ಟೆ ಎತ್ತಿ ಮೂಸಿದವಳೇ ಮುಖ ತಿರುಗಿಸಿದಳು. "ಕೊಳ್ತಿರಾದ್ನ ಉಣ್ಣಿಸಿ ನಮ್ಮಣ್ಣಯ್ಯನ್ನ ಏನು ಮಾಡ್ಬೇಕು ಅಂತಿದ್ದೀಯೇ? ಪ್ಯಾಟೇಲಿ ಇಂಥವೆಲ್ಲ ಯಾರೂ ಮುಟ್ಟಲ್ಲ" ಅಂದಳು. ಅಕ್ಕ ಬಟ್ಟೆಯನ್ನು ಮತ್ತೆ ಕಟ್ಟಿದಳು, ಅಷ್ಟೆ.

ನನಗೆ ಸಿಟ್ಟು ಬಂತು. ಜಾಡಿ ಬೇಗ ಹದಕ್ಕೆ ಬಂದರೆ ಅತ್ತೆಯ ಬಾಯಿ ಮುಚ್ಚುತ್ತದೆ ಅನ್ನಿಸಿತು. ಅಕ್ಕ, ಅತ್ತೆ ಇಬ್ಬರೂ ಕೊಟ್ಟಿಗೆಯಲ್ಲಿದ್ದ ಹೊತ್ತು ನೋಡಿಕೊಂಡು ಜಾಡಿಯನ್ನು ಟವೆಲಿನಲ್ಲಿ ಕಟ್ಟಿ, ಏಣಿ ಹತ್ತಿ, ಕಾಯಿಗಳ ನಡುವೆ ಸರಿಯಾಗಿ ಒಲೆಯ ನೇರಕ್ಕೆ ಇಟ್ಟೆ. ಇಲಿ ಬಾಯಿ ಹಾಕಬಾರದಲ್ಲ, ಅದಕ್ಕೆ ಬಟ್ಟೆ ಕಿತ್ತು ಮುಚ್ಚಳ ಒತ್ತಿ, ನಾರಿನ ಹಗ್ಗದಿಂದ ಬಿಗಿದು, ಸಂದಿಗೆಲ್ಲ ರಾಗಿಹಿಟ್ಟಿನ ಕಣಕ ಮೆತ್ತಿದೆ. ಇಂಥ ಬುದ್ಧಿ ನಮ್ಮ ಸೀಮೆಯ ಹುಡುಗನಿಗಲ್ಲದೆ ಬೇರೆಯವರಿಗೆ ಬರುವುದಿಲ್ಲ ಎಂದು ಎದೆಯುಬ್ಬಿಸಿ ಇಳಿದೆ. ಅದು ನಿಜವೇ ಆಗಿತ್ತು, ನಾನಂದುಕೊಂಡ ಅರ್ಥದಲ್ಲಲ್ಲ. ಸಂಜೆ ಜಾಡಿ ಕಾಣದೆ ಅಕ್ಕ ಮೂಲೆಮೂಲೆ ಹುಡುಕಿದಳು. ಅತ್ತೆಯೇ ಬಚ್ಚಿಟ್ಟಿರಬೇಕು ಅಂದುಕೊಂಡು ಯಾರನ್ನೂ ಕೇಳದೆ ಬಿಟ್ಟಳು. ನಾನೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ತಲೆಗೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡು ಒಲೆಯ ಮುಂದೆ ಆರಿಸಿಕೊಳ್ಳುತ್ತಿದ್ದಳು. ಮೇಲೆ ಡಬ್ ಎಂದಿತು. ಮುಚ್ಚಳ ಅಟ್ಟದ ಮೇಲೆಲ್ಲೋ ಉರುಳಿದ ಸದ್ದು. ಅದರ ಹಿಂದೆಯೇ ಬಿದಿರಿನ ಗಳುಗಳ ಸಂದಿಯಿಂದ ನೊರೆನೊರೆಯಾದ ಹುಳಿ ನೀರು ಅತ್ತೆಯ ನೆತ್ತಿಯ ಮೇಲೆ ಸುರಿಯಿತು. ಒಂದು ಗೋರಿಕಾಯಿ ಹೆಗಲ ಮೇಲೆ ಬಿದ್ದು ಅಲ್ಲೇ ಕೂತಿತು. ಮೂಲಂಗಿಯ ವಾಸನೆ ಪಡಸಾಲೆ ದಾಟಿ ಬೀದಿಗೆ ಹೋಯಿತು.

"ತಿಪ್ಪೆಗೆ ಹಾಕೇ ಅದನ್ನ" ಎಂದು ಅತ್ತೆ ಕೂಗಿದಳು. "ಜಾಡಿ ಸಮೇತ ಹಾಕು. ಅಡುಗೆಮನೆ ನಿನ್ನ ಕೈಗೆ ಕೊಟ್ಟೋರಿಗೆ ಹೇಳ್ಬೇಕು. ನಾಳೆಯಿಂದ ಒಲೆ ಮುಂದೆ ನಾನೇ ಕೂರ್ತೀನಿ, ನೀನು ಕೊಟ್ಟಿಗೆ ನೋಡ್ಕೊ."

ಆ ಮಾತಿಗೆ ಅಕ್ಕನ ಮುಖ ಬಿಳುಚಿತು. ಅವ್ವ ನಂಬಿ ಕೊಟ್ಟು ಹೋದ ಒಲೆ ಅದು. ನಾನು ಮುಂದೆ ಬಂದೆ. "ಅಟ್ಟಕ್ಕೆ ಇಟ್ಟೋನು ನಾನು, ಬಿಗಿದು ಕಟ್ಟಿದೋನೂ ನಾನು" ಎಂದು ಹೇಳಿಯೇಬಿಟ್ಟೆ. ಅತ್ತೆ ಸೌದೆ ಎತ್ತಿಕೊಂಡಳು. ಅಕ್ಕ ನಡುವೆ ಬಂದು ನಿಂತಳು. ನನಗೊಂದು ಮಾತು ಬಯ್ಯದೆ ಏಣಿ ಹತ್ತಿ ಜಾಡಿ ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಕಪ್ಪೋ ಹಸಿರೋ ಬೂಷ್ಟು ಕಂಡಿದ್ರೆ ನಾನೇ ತಿಪ್ಪೆಗೆ ಸುರೀತಿದ್ದೆ ಕಣತ್ತೆ" ಅಂದಳು. "ಇದು ಬರೀ ನೊರೆ. ಉಸಿರು ಕಟ್ಟಿ, ಬೆಚ್ಚಗಿಟ್ರೆ ಯಾರಾದ್ರೂ ಒದೀತಾರೆ. ನಾನು ಚೆಲ್ಲಲ್ಲ."

"ಚೆಲ್ಲಲ್ವಾ?"

"ಚೆಲ್ಲಲ್ಲ. ತಿಂದು ನೋಡಿ, ಆಮೇಲೆ ಚೆಲ್ಲಿ."

ಅಲ್ಲಿಯವರೆಗೆ ಆ ಮನೆಯಲ್ಲಿ ಅತ್ತೆಗೆ ಎದುರು ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಅಕ್ಕ ನೊರೆ ತೆಗೆದಳು, ನೀರಿಗಿಂತ ಮೇಲೆ ಉಳಿದಿದ್ದ ಹೋಳುಗಳನ್ನು ಎಸೆದಳು. ಒಣಗಿದ ಸೌಟಿನಲ್ಲಿ ತಳದಿಂದ ಒಂದು ಮೂಲಂಗಿ ಹೋಳು ತೆಗೆದು, ಅತ್ತೆಯ ಕಣ್ಣು ನೋಡುತ್ತಲೇ ಕರುಂ ಎಂದು ಕಚ್ಚಿದಳು.

ಅಪ್ಪ ತೋಟದಿಂದ ಬಂದದ್ದು ಆಗಲೇ. ಅತ್ತೆಯ ಒದ್ದೆ ತಲೆ, ಹೆಗಲ ಮೇಲಿನ ಗೋರಿಕಾಯಿ, ಅಕ್ಕನ ಕೈಯ ಜಾಡಿ, ಮೂರನ್ನೂ ನೋಡಿದ. ಅತ್ತೆ ದೂರು ಹೇಳಿ ಮುಗಿಸುವ ತನಕ ಹೊಟ್ಟೆ ನೀವಿಕೊಳ್ಳುತ್ತಾ ನಿಂತ. ಆಮೇಲೆ ಅಕ್ಕನ ಕೈಯಿಂದ ಜಾಡಿ ಇಸಿದುಕೊಂಡು, ತೆಂಗಿನಕಾಯಿ ಹಿಡಿದಂತೆಯೇ ಕಿವಿಯ ಹತ್ತಿರ ಹಿಡಿದ.

"ಮಾತಾಡ್ತೈತೆ ಕಣವ್ವ" ಎಂದು ಅತ್ತೆಯ ಕಡೆ ತಿರುಗಿದ. "ಕೊಳ್ತಿದ್ದು ಮಾತಾಡಲ್ಲ. ನಿನ್ನ ಪುಡಿ ಮೂರು ದಿನದಿಂದ ಹೊಟ್ಟೆಗೆ ಹೋಗೈತೆ, ಅದೂ ಮಾತಾಡಿಲ್ಲ."

ಅಪ್ಪ ಕೂತ. ಅಕ್ಕ ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ನಾಲ್ಕು ಹುಳಿ ಹೋಳು ಹಾಕಿದಳು. ಅವತ್ತೇ ಎಲ್ಲ ನೆಟ್ಟಗಾಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಅವತ್ತೂ ಅರ್ಧ ಮುದ್ದೆಯೇ ಉಂಡ. ಆದರೆ ದಿನಾ ಹೊತ್ತಿಗೆ ಸರಿಯಾಗಿ ಕೂತು, ಹುಳಿ ಹೋಳಿನ ಜೊತೆ, ಮಜ್ಜಿಗೆಯ ಜೊತೆ ಉಂಡು, ಅವ್ವ ಮಗು ಎತ್ತಿಕೊಂಡು ಬರುವ ಹೊತ್ತಿಗೆ ಎರಡನೇ ಮುದ್ದೆ ಕೇಳುತ್ತಿದ್ದ. ಒಲೆ ಅಕ್ಕನ ಕೈಯಲ್ಲೇ ಉಳಿಯಿತು. ಅತ್ತೆ ಸಾಯುವ ತನಕ ಒಂದು ಹೋಳು ಬಾಯಿಗಿಡಲಿಲ್ಲ. ನಮ್ಮ ಮನೆಗೆ ಬಂದಾಗ ಅಟ್ಟದ ಕೆಳಗೆ ಕೂರಲೂ ಇಲ್ಲ.

ಈಗ ನಿಮ್ಮ ಮನೆಯಲ್ಲಿ ಒಲೆ ಹೊಗೆಯಾಡುವುದಿಲ್ಲ, ಅಟ್ಟವಿಲ್ಲ, ತರಕಾರಿ ಫ್ರಿಜ್ಜಿನಲ್ಲಿ ತಣ್ಣಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಹೊಟ್ಟೆಗೆ ಒಳ್ಳೆಯದೆಂದು ಚೀಟಿ ಅಂಟಿಸಿದ ಹುಳಿ ತರಕಾರಿಯ ಬಾಟಲಿಯನ್ನು ನಿಮ್ಮಪ್ಪ ಅಂಗಡಿಯಿಂದ ತರುತ್ತಾನೆ. ಚೀಟಿ ಇದ್ದರೆ ಔಷಧಿ, ತಾತ ಹಾಕಿದರೆ ನಾತ. ನಾನು ಅದನ್ನು ಒಪ್ಪುವವನಲ್ಲ. ಸಿಂಕಿನ ಕೆಳಗಿನ ತಂಪು ಮೂಲೆಯಲ್ಲಿ ಅಕ್ಕನ ಅದೇ ಜಾಡಿ ಇದೆ, ಹೋದ ಸೋಮವಾರ ಹೂಡಿದ್ದೇನೆ. ಬಾಯಿಗೆ ತೆಳು ಬಟ್ಟೆಯನ್ನೇ ಕಟ್ಟಿದ್ದೇನೆ, ಹೆದರಬೇಡಿ. ನಿಮ್ಮಮ್ಮ ನಿನ್ನೆ ಮೂಗು ಮುಚ್ಚಿಕೊಂಡು "ಮಾವ, ಇದನ್ನ ಚೆಲ್ಲಿಬಿಡ್ಲಾ?" ಎಂದು ಕೇಳಿದಳು. ಅಕ್ಕ ಅವತ್ತು ಹೇಳಿದ್ದನ್ನೇ ನಾನೂ ಹೇಳಿದೆ. ಈಗ ನೀವು ಹೋಗಿ ಅದಕ್ಕೆ ಕಿವಿಯಿಟ್ಟು ಬನ್ನಿ, ಅಷ್ಟರಲ್ಲಿ ನಾನು ತಟ್ಟೆ ಇಡುತ್ತೇನೆ.