ತಂಬಿ ಹಾಕಿಕೊಟ್ಟ ಪಡಿ

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ತಂಬಿಯ ಎಡಗೈ ಹೆಬ್ಬೆರಳಿನ ಉಗುರು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗಿತ್ತು. ಲಾರಿ ರಿಪೇರಿ ಮಾಡುವಾಗ ಜಜ್ಜಿಕೊಂಡದ್ದು. ಯಾವ ಗಾಡಿ ಕಂಡರೂ ಆ ಉಗುರಿನಿಂದ ಬಾಗಿಲು ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದ. ತಮಿಳಿನವನು. ಕಡಲಾಚೆಯ ಈ ಪುಚೊಂಗ್ ಪಟ್ಟಣದಲ್ಲಿ ನಮಗೂ ಅವನಿಗೂ ನಡುವೆ ಒಂದೇ ಗೋಡೆ. ನನ್ನ ಅಡುಗೆ ತಿಂದು ತಿಂದೇ ಒಂದಿಷ್ಟು ಕನ್ನಡ ಕಲಿತಿದ್ದ.

ಕೊರೊನಾ ಬಂದು ಮನೆಯೊಳಗೇ ಸಿಕ್ಕಿಕೊಂಡವರಿಗೆ ನಾನೂ ಮಗಳೂ ಊಟವನ್ನು ತಪಾವ್, ಅಂದರೆ ಪೊಟ್ಟಣ, ಕಟ್ಟಿ ಒಯ್ದು ಕೊಡುತ್ತಿದ್ದೆವು. ಸಣ್ಣ ಕಾರಿನಲ್ಲಿ ಪಾತ್ರೆ ಹಿಡಿಯಲಿಲ್ಲ. ದೊಡ್ಡ ಪಿಕಪ್ ತಗೊಳ್ಳೋಣ ಎಂದಳು ಮಗಳು. ತಂಬಿಯನ್ನು ಕರೆದುಕೊಂಡು ಗಾಡಿ ಅಂಗಡಿಗೆ ಹೋದೆವು.

ಅವನು ಇಂಜಿನ್ ನೋಡಲೇ ಇಲ್ಲ. ನನ್ನ ಸಾಂಬಾರ್ ಪಾತ್ರೆಗೆ ನೀರು ತುಂಬಿ ಹಿಂದೆ ಇಟ್ಟು, ರಸ್ತೆ ಉಬ್ಬುಗಳ ಮೇಲೆ ಗಾಡಿ ಓಡಿಸಿದ. ಅರ್ಧ ನೀರು ಚೆಲ್ಲಿತು. ಮತ್ತೆ ನೀರು ತುಂಬಿ, ಎರಡು ಮೂಟೆ ಅಕ್ಕಿ ಹೇರಿ ಓಡಿಸಿದ. ಚೆಲ್ಲಲಿಲ್ಲ.

"ಖಾಲಿ ಗಾಡಿ ಕುಣಿಯುತ್ತೆ ಅಕ್ಕಾ. ಭಾರ ಇದ್ರೆ ಮರ್ಯಾದೆಯಾಗಿ ಹೋಗುತ್ತೆ ಲಾ."

ಅಂಗಡಿಯವಳು ಗಾಡಿಗೆ ಹಾಕಿಸಬಹುದಾದ ಹೆಚ್ಚುವರಿ ಸಾಮಾನಿನ ಪಟ್ಟಿ ಕೊಟ್ಟಳು. ನನಗೆ ಇಂಗ್ಲಿಷ್ ಬಾರದು. ತಂಬಿ ಒಂದೊಂದೇ ಓದಿ ಕೇಳಿದ.

"ಮೇಲೆ ನಾಲ್ಕು ದೀಪ?"

"ಯಾಕೆ, ಮೀನು ಹಿಡಿಯಕ್ಕೆ ಹೋಗ್ತೀನಾ?"

"ಹಿಂದೆ ಮುಚ್ಚಕ್ಕೆ ಗೂಡು?"

"ಹಾಕ್ಸು. ಅನ್ನದ ಮೇಲೆ ಮಳೆ ಬೀಳಬಾರದು."

"ಪಡಿ ಬೇಕಾ ಅಕ್ಕಾ?"

ನಮ್ಮ ಕಡೆ ಪಡಿ ಎಂದರೆ ಇಲ್ಲದವರಿಗೆ ಅಳೆದು ಕೊಡುವ ಅಕ್ಕಿ ಬೇಳೆ. ಹಿಂದಿನ ದಿನವಷ್ಟೇ ಯಾರೋ ನಮ್ಮ ಗೇಟಿನ ಮುಂದೆ ರೇಷನ್ ಚೀಲ ಇಟ್ಟು ಹೋಗಿದ್ದರು. ಅದರ ಉರಿ ಇನ್ನೂ ಆರಿರಲಿಲ್ಲ.

"ನಂಗೆ ಯಾರ ಪಡಿನೂ ಬೇಡ. ದುಡಿದು ತಿಂತೀನಿ," ಎಂದೆ. ಅವನು ಕಣ್ಣು ಪಿಳಿಪಿಳಿ ಬಿಟ್ಟು, ಪೆನ್ನಿನಿಂದ ಗೀಟು ಎಳೆದ.

ಗಾಡಿ ಬಂತು. ಹತ್ತಲು ಹೋದರೆ ನನ್ನ ಮಂಡಿ ಅಷ್ಟೆತ್ತರಕ್ಕೆ ಏಳಲೇ ಇಲ್ಲ. "ನೀನು ಬರದೆ ನಾನೊಬ್ಬಳೇ ಅಷ್ಟು ಪಾತ್ರೆ ಇಳಿಸಕ್ಕಾಗಲ್ಲಮ್ಮ. ಗಾಡಿ ವಾಪಸ್ ಕೊಡೋಣ," ಎಂದಳು ಮಗಳು. ತಂಬಿ ಗೋಡೆಯಾಚೆಯಿಂದ ನಗುತ್ತಿದ್ದ.

"ಅದಕ್ಕೇ ಪಡಿ ಬೇಕಾ ಅಂದೆ! ನಮ್ಮ ತಮಿಳಲ್ಲಿ ಪಡಿ ಅಂದ್ರೆ ಕಾಲಿಟ್ಟು ಹತ್ತೋದು!"

"ಮೆಟ್ಟಿಲು ಅನ್ನಕ್ಕೆ ನಿನ್ನ ಬಾಯಿಗೇನಾಗಿತ್ತು?"

"ನೀನು ಕಲಿಸಿದ್ದು ಉಪ್ಪು, ಹುಳಿ, ಖಾರ. ಮೆಟ್ಟಿಲು ಎಲ್ಲಿ ಕಲಿಸಿದೆ?"

ಅಂದೇ ಕಬ್ಬಿಣ ತಂದ. ಮಾಸ್ಕ್ ಹಾಕಿಕೊಂಡು ಗೇಟಿನಾಚೆ ನಿಂತು, "ನೋವಾಗೋವರೆಗೆ ಕಾಲೆತ್ತು," ಎಂದ. ಎತ್ತಿದೆ. "ಅದಕ್ಕಿಂತ ಎರಡು ಬೆರಳು ಕೆಳಗೆ," ಎಂದು ನೆಲದಿಂದ ಅಳತೆ ಹಿಡಿದು ಗಾಡಿಯ ಬಾಗಿಲ ಕೆಳಗೆ ಬೆಸುಗೆ ಹಾಕಿದ. ಕಾಲು ಜಾರದಂತೆ ಹಳೇ ಟಯರಿನ ತುಂಡು ಬಡಿದ. ಆಮೇಲೆ ಕಪ್ಪು ಉಗುರಿನಿಂದ ತಟ್ಟಿ, ಸದ್ದು ಕೇಳಿ, "ಇದು ನಿನಗಿಂತ ಗಟ್ಟಿ ಅಕ್ಕಾ," ಎಂದ. ಒಂದು ದಿನವೂ ತಪ್ಪದೆ ಊಟ ಒಯ್ದೆವು.

ಮಾರನೇ ವರ್ಷ ಅವನಿಗೇ ಕೊರೊನಾ ತಗುಲಿತು. ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಮುಖ ನೋಡಲೂ ಬಿಡಲಿಲ್ಲ. "ನಾಳೆ ಒಲೆ ಹಚ್ಚೋದು ಬೇಡಮ್ಮ," ಎಂದಳು ಮಗಳು.

ಮರುದಿನ ಬೆಳಿಗ್ಗೆ ಎದ್ದು ಅನ್ನ, ಸಾರು ಮಾಡಿದೆ. ಮೊದಲನೇ ಕಟ್ಟನ್ನು ಅವನ ಹೆಂಡತಿಗೆಂದು ಅವರ ಗೇಟಿಗೆ ನೇತುಹಾಕಿದೆ. ಆಮೇಲೆ ಅವನ ಪಡಿಯ ಮೇಲೆ ಕಾಲಿಟ್ಟು ಗಾಡಿ ಹತ್ತಿ ಕೂತೆ.